ಇಳಕಲ್ಲಿನ ಬಣ್ಣದ ಬಾನಿಯಿಂದ ರಸಾಯನ ಸಂಘಕ್ಕೆ

ಇಳಕಲ್ ಸೀರೆಯ ನೂಲು ನೀಲಿಯಾಗುವ ಗಳಿಗೆಯನ್ನು ನೋಡಬೇಕು. ನೀಲಿ ಬಣ್ಣ ಬರೀ ನೀರಿನಲ್ಲಿ ಕರಗುವುದಿಲ್ಲ. ಕಾಸ್ಟಿಕ್ ಸೋಡಾ, ಹೈಡ್ರೋಸ್ ಬೆರೆಸಿದ ಬಾನಿಯಲ್ಲಿ ಅದು ಹಳದಿ ಹಸಿರಿಗೆ ತಿರುಗಿ ಕರಗುತ್ತದೆ, ಎಳೆಯೊಳಗೆ ಇಳಿಯುತ್ತದೆ. ಲಡಿಯನ್ನು ಮೇಲೆತ್ತಿ, ಹಿಂಡಿ, ಗಾಳಿಗೆ ಹಿಡಿದರೆ ಕಣ್ಣೆದುರೇ ಹಸಿರು ಸರಿದು ನೀಲಿ ಮೂಡುತ್ತದೆ. ಬಾನಿಯಲ್ಲಿ ಆದದ್ದು ಅಪಕರ್ಷಣ, ಗಾಳಿಯಲ್ಲಿ ಆದದ್ದು ಉತ್ಕರ್ಷಣ. ಪಿಯುಸಿಯಲ್ಲಿ ಬಾಯಿಪಾಠ ಮಾಡಿದ ಪಾಠವೇ ಅದು.

ಈ ಸೀಮೆಯಲ್ಲಿ ರಸಾಯನ ವಿಜ್ಞಾನಕ್ಕೆ ಬರವಿಲ್ಲ. ಬಾದಾಮಿಯ ಬಂಡೆಗಳು ಕೆಂಪಾಗಿರುವುದು ಕಬ್ಬಿಣದ ಆಕ್ಸೈಡಿನಿಂದ. ಬಾಗಲಕೋಟೆಯ ಸುಣ್ಣದ ಕಲ್ಲು ಗೂಡಿನಲ್ಲಿ ಬೆಂದು ಸಿಮೆಂಟ್ ಆಗುತ್ತದೆ. ಬರವಿರುವುದು ಒಡನಾಟಕ್ಕೆ. ಹುನಗುಂದ, ಇಳಕಲ್, ಬಾಗಲಕೋಟೆಯಲ್ಲಿ ಬಿ.ಎಸ್ಸಿ. ಓದುವ ಎಷ್ಟೋ ಮಕ್ಕಳಿಗೆ ರಸಾಯನಶಾಸ್ತ್ರವೆಂದರೆ ಪಠ್ಯ, ಪ್ರಾಯೋಗಿಕ ಪರೀಕ್ಷೆ, ಅಂಕಪಟ್ಟಿ. ಈ ವಿದ್ಯೆಯನ್ನೇ ಬದುಕಾಗಿಸಿಕೊಂಡವರ ಸಂಘಗಳಿವೆ, ಅಲ್ಲಿ ತಮಗೂ ಜಾಗವಿದೆ ಎಂಬ ಮಾತು ಅವರನ್ನು ತಲುಪಬೇಕು.

ಒಂದೇ ಕಸುಬಿನವರು ಸಂಘ ಕಟ್ಟಿಕೊಳ್ಳುವುದು ಈ ನೆಲಕ್ಕೆ ಹೊಸದಲ್ಲ. ಮಲಪ್ರಭೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಮೊದಲು ಐಹೊಳೆಯನ್ನು ಹಾದು ಬರುತ್ತಾಳೆ. ಆ ಐಹೊಳೆಯ ಹೆಸರು ಹೊತ್ತ ವ್ಯಾಪಾರಿ ಸಂಘ ಅಯ್ಯಾವೊಳೆ ಐನೂರ್ವರು. ದಕ್ಷಿಣ ಭಾರತದ ಉದ್ದಗಲಕ್ಕೂ ಅವರ ಶಾಸನಗಳಿವೆ. ಸುಮಾತ್ರಾದ ಬಾರೂಸ್‌ನಲ್ಲಿ ಸಿಕ್ಕ 1088ರ ತಮಿಳು ಶಾಸನದಲ್ಲೂ ಐನೂರ್ವರ ಹೆಸರಿದೆ. ಊರು ಸಣ್ಣದಾದರೇನು, ಸಂಘದ ಬಲದಿಂದ ಅದರ ಹೆಸರು ಕಡಲು ದಾಟಿತು.

ರಸಾಯನ ವಿಜ್ಞಾನಿಗಳ ಪೈಕಿ ಇಂಥ ಸಂಘವನ್ನು ಮೊದಲಿಗೆ ಕಟ್ಟಿಕೊಂಡವರಲ್ಲಿ ಲಂಡನ್ನಿನವರು ಪ್ರಮುಖರು. 1841ರಲ್ಲಿ ಅಲ್ಲಿ ಹುಟ್ಟಿದ ಕೆಮಿಕಲ್ ಸೊಸೈಟಿ ಇಂದಿನ ರಾಯಲ್ ಸೊಸೈಟಿ ಆಫ್ ಕೆಮಿಸ್ಟ್ರಿಯ ಮೂಲ. ಅಮೆರಿಕದ ಸಂಘ 1876ರದು. ನಮ್ಮ ದೇಶದ ಸಂಘದ ಬೀಜ ಬಿದ್ದದ್ದು ವಿದ್ಯಾರ್ಥಿಗಳ ಮಾತುಕತೆಯಲ್ಲಿ. ಜ್ಞಾನಚಂದ್ರ ಘೋಷ್, ಜ್ಞಾನೇಂದ್ರನಾಥ ಮುಖರ್ಜಿ, ಶಾಂತಿಸ್ವರೂಪ್ ಭಟ್ನಾಗರ್ ಮೂವರೂ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಪ್ರೊಫೆಸರ್ ಡೊನ್ನನ್ ಅವರ ಪ್ರಯೋಗಾಲಯದಲ್ಲಿದ್ದಾಗ, ಊರಿಗೆ ಮರಳಿದ ಮೇಲೆ ನಮ್ಮದೇ ಸಂಘ ಕಟ್ಟಬೇಕೆಂದು ಮಾತಾಡಿಕೊಂಡರು. 1924ರಲ್ಲಿ ಕೋಲ್ಕತ್ತದಲ್ಲಿ ಇಂಡಿಯನ್ ಕೆಮಿಕಲ್ ಸೊಸೈಟಿ ಎದ್ದಿತು. ಆಚಾರ್ಯ ಪ್ರಫುಲ್ಲಚಂದ್ರ ರೇ ಮೊದಲ ಅಧ್ಯಕ್ಷರಾದರು. ಅದೇ ಘೋಷ್ ಮುಂದೆ 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಕನ್ನಡ ನೆಲಕ್ಕೆ ಬಂದರು.

ಕರ್ನಾಟಕದಲ್ಲೇ ನೆಲೆಯಿರುವ ಸಂಘ ಕೆಮಿಕಲ್ ರಿಸರ್ಚ್ ಸೊಸೈಟಿ ಆಫ್ ಇಂಡಿಯಾ, ಎಲ್ಲರ ಬಾಯಲ್ಲಿ ಸಿಆರ್‌ಎಸ್‌ಐ. 1999ರಲ್ಲಿ ಆರಂಭವಾದ ಇದರ ಕಚೇರಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿದೆ. ಸ್ಥಾಪಕ ಅಧ್ಯಕ್ಷರು ಸಿ.ಎನ್.ಆರ್. ರಾವ್. ಸಂಘ ರಾಷ್ಟ್ರೀಯ ರಸಾಯನ ವಿಜ್ಞಾನ ಸಮ್ಮೇಳನಗಳನ್ನು ನಡೆಸುತ್ತದೆ, ಸಾಧಕರಿಗೆ ಚಿನ್ನ, ಬೆಳ್ಳಿ, ಕಂಚಿನ ಪದಕ ಕೊಡುತ್ತದೆ.

ಸಮ್ಮೇಳನವೆಂದರೆ ವೇದಿಕೆಯ ಭಾಷಣವಷ್ಟೇ ಅಲ್ಲ. ಹೊಸಬರಿಗೆ ಅದರ ಜೀವಾಳ ಪೋಸ್ಟರ್ ಸಾಲು. ಮಾಡಿದ ಕೆಲಸವನ್ನು ಒಂದು ಹಾಳೆಯ ಮೇಲೆ ಅಚ್ಚು ಹಾಕಿಸಿ ಗೋಡೆಗೆ ಅಂಟಿಸಿ ಪಕ್ಕದಲ್ಲಿ ನಿಲ್ಲಬೇಕು. ಪುಸ್ತಕ ಬರೆದ ಪ್ರೊಫೆಸರರೇ ಎದುರು ಬಂದು, ಈ ಬಿಂದು ರೇಖೆಯಿಂದ ಯಾಕೆ ಆಚೆ ಬಿದ್ದಿದೆ ಎಂದು ಕೇಳುತ್ತಾರೆ. ಅದಕ್ಕೆ ಉತ್ತರ ಹುಡುಕುವಾಗ ಕಲಿತದ್ದು ತರಗತಿಯಲ್ಲಿ ಸುಲಭಕ್ಕೆ ದಕ್ಕುವುದಿಲ್ಲ. ಎಂ.ಎಸ್ಸಿ.ಗೆ ಎಲ್ಲಿಗೆ ಹೋಗಲಿ, ಯಾವ ಪ್ರಯೋಗಾಲಯದಲ್ಲಿ ಬೇಸಿಗೆಯ ತರಬೇತಿ ಸಿಕ್ಕೀತು, ಔಷಧ ಕಾರ್ಖಾನೆಯ ಕೆಲಸ ಹೇಗಿರುತ್ತದೆ ಎಂಬುದೆಲ್ಲ ಅಲ್ಲಿನ ಚಹಾದ ವಿರಾಮದಲ್ಲೇ ತಿಳಿಯುತ್ತದೆ.

ಚಿಕ್ಕವರಿಗೂ ಮೆಟ್ಟಿಲುಗಳಿವೆ. 1980ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ‘ಬಾಲ ವಿಜ್ಞಾನ’ ಮಾಸಪತ್ರಿಕೆಯನ್ನು ಕನ್ನಡದಲ್ಲಿ ತಂದಿದೆ. ಮೈಸೂರಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಜೆ.ಆರ್. ಲಕ್ಷ್ಮಣರಾವ್ ಅದರ ಸಂಪಾದಕರಾಗಿ ಕನ್ನಡದ ಮಕ್ಕಳಿಗೆ ವಿಜ್ಞಾನ ಹೇಳಿದರು. ಮಕ್ಕಳ ವಿಜ್ಞಾನ ಸಮಾವೇಶದಲ್ಲಿ ಹಳ್ಳಿ ಶಾಲೆಯ ಮಕ್ಕಳೂ ತಮ್ಮೂರಿನ ಸಮಸ್ಯೆಯ ಮೇಲೆ ಯೋಜನೆ ಮಾಡಿ ಮಂಡಿಸುತ್ತಾರೆ. ಪಿಯುಸಿಯವರಿಗೆ ರಾಷ್ಟ್ರಮಟ್ಟದ ರಸಾಯನಶಾಸ್ತ್ರ ಪರೀಕ್ಷೆ ಎನ್‌ಎಸ್‌ಇಸಿ ಇದೆ. ಭೌತವಿಜ್ಞಾನ ಶಿಕ್ಷಕರ ಸಂಘವೂ ರಸಾಯನಶಾಸ್ತ್ರ ಶಿಕ್ಷಕರ ಸಂಘವೂ ಕೈಜೋಡಿಸಿರುವ ಈ ಪರೀಕ್ಷೆ ಅಂತರರಾಷ್ಟ್ರೀಯ ರಸಾಯನಶಾಸ್ತ್ರ ಒಲಿಂಪಿಯಾಡ್‌ನ ಮೊದಲ ಬಾಗಿಲು. 2001ರಲ್ಲಿ ಆ ಒಲಿಂಪಿಯಾಡ್ ಮುಂಬೈಯಲ್ಲೇ ನಡೆದಿತ್ತು.

ಸಂಘಕ್ಕೆ ನಾವೇನು ಕೊಡಬಲ್ಲೆವು ಎಂದು ಅಳುಕುವ ವಿದ್ಯಾರ್ಥಿ ತನ್ನೂರಿನ ಕೊಳವೆಬಾವಿಯನ್ನು ನೋಡಲಿ. ಹುನಗುಂದ, ಇಳಕಲ್ ಭಾಗದ ಅಂತರ್ಜಲದಲ್ಲಿ ಫ್ಲೋರೈಡ್ ಇದೆ. ಗ್ರಾನೈಟ್ ಶಿಲೆಯೊಳಗಿನ ಖನಿಜಗಳಿಂದ ಅದು ನೀರಿಗೆ ಇಳಿಯುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ಎನ್ನುವುದು ಭಾರತೀಯ ಮಾನಕ. ಮಿತಿ ಮೀರಿದ ನೀರನ್ನೇ ವರ್ಷಗಟ್ಟಲೆ ಕುಡಿದರೆ ಹಲ್ಲು ಕಂದುತ್ತದೆ, ಮೂಳೆ ಬಿಗಿಯುತ್ತದೆ. ಅಳೆಯುವ ಒಂದು ವಿಧಾನ ನೋಡಲೂ ಚೆಂದ: ಜಿರ್ಕೋನಿಯಂ ಬೆರೆತ ಕೆಂಪು ಬಣ್ಣದ ದ್ರಾವಣಕ್ಕೆ ನೀರಿನ ಮಾದರಿ ಸೇರಿಸಿದಾಗ ಫ್ಲೋರೈಡ್ ಹೆಚ್ಚಿದ್ದಷ್ಟೂ ಕೆಂಪು ತೆಳುವಾಗುತ್ತದೆ. ತೆಳುವಾದದ್ದು ಎಷ್ಟೆಂದು ಉಪಕರಣ ಹೇಳುತ್ತದೆ. ನೆರೆಯ ತೆಲಂಗಾಣದ ನಲ್ಗೊಂಡದ ಹೆಸರಿನ ಶುದ್ಧೀಕರಣ ವಿಧಾನಕ್ಕೆ ಬೇಕಾಗುವುದು ಪಟಿಕ ಮತ್ತು ಸುಣ್ಣ. ಬೇಸಿಗೆಗೊಮ್ಮೆ, ಮಳೆಗಾಲಕ್ಕೊಮ್ಮೆ ಊರಿನ ಹತ್ತು ಬಾವಿಗಳ ನೀರನ್ನು ಅಳೆದು ಬರೆದಿಟ್ಟರೆ ಅದೇ ಒಂದು ಪೋಸ್ಟರ್.

ಸೇರುವುದು ಕಷ್ಟವಲ್ಲ. ಸಾಮಾನ್ಯವಾಗಿ ಒಂದು ಅರ್ಜಿ, ಒಂದು ಶುಲ್ಕ. ವಿದ್ಯಾರ್ಥಿಗಳಿಗೆ ಹಲವು ಕಡೆ ರಿಯಾಯಿತಿ ಇರುತ್ತದೆ. ಆದರೆ ರಸೀದಿ ಕಪಾಟಿಗೆ ಸೇರಿಸಿ ಮರೆತರೆ ಸದಸ್ಯತ್ವ ವ್ಯರ್ಥ. ಸದಸ್ಯರಾದ ಅಧ್ಯಾಪಕರೊಬ್ಬರು ಕಾಲೇಜಿನಲ್ಲಿ ರಸಾಯನ ವೇದಿಕೆ ಕಟ್ಟಿ, ತಿಂಗಳಿಗೊಮ್ಮೆ ಮಕ್ಕಳಿಂದಲೇ ಮಾತಾಡಿಸಿ, ವರ್ಷಕ್ಕೊಮ್ಮೆ ನಾಲ್ಕು ಜನರನ್ನಾದರೂ ಸಮ್ಮೇಳನಕ್ಕೆ ಕರೆದೊಯ್ದರೆ ಅಷ್ಟೇ ಸಾಕು. ಇಂಗ್ಲಿಷ್ ಬಾರದೆಂಬ ಹಿಂಜರಿಕೆ ಬೇಡ. ಅಳತೆ ಸರಿಯಾಗಿದ್ದರೆ ತಡವರಿಸುವ ಮಾತನ್ನೂ ವಿಜ್ಞಾನಿಗಳು ಕಿವಿಗೊಟ್ಟು ಕೇಳುತ್ತಾರೆ.

ನಮ್ಮ ನೀರು, ನಮ್ಮ ಕಲ್ಲು, ನಮ್ಮ ಬಣ್ಣದ ಪ್ರಶ್ನೆಗಳನ್ನು ಬೇರೆ ಊರಿನವರು ಬಂದು ಕೇಳಲಿ ಎಂದು ಕಾಯಬೇಕಿಲ್ಲ. ಅವುಗಳ ನಡುವೆ ಬೆಳೆದ ಮಕ್ಕಳೇ ಕೇಳಬೇಕು, ತಿಳಿದವರ ಮುಂದೆ ನಿಂತು ಕೇಳಬೇಕು. ಸಂಘಗಳಿರುವುದು ಅದಕ್ಕಾಗಿ.