ಕಂಕುಳಿನ ಗ್ರಂಥಿಗಳನ್ನು ಧ್ವನಿಯಿಂದ ಕಾಣುವ ಬಗೆ

ಕಂಕುಳಲ್ಲಿ ಗಂಟು ಕೈಗೆ ತಗಲಿದರೆ ಹೆಣ್ಣುಮಕ್ಕಳು ಭಯದಿಂದಲೋ ನಾಚಿಕೆಯಿಂದಲೋ ಅದನ್ನು ಮರೆಮಾಡುವದುಂಟು. ಆದರೆ ದುಗ್ಧರಸ ಗ್ರಂಥಿಗಳು ನಮ್ಮೆಲ್ಲರ ಕಂಕುಳಲ್ಲಿಯೂ ಇರತಕ್ಕವುಗಳೇ; ತೋಳಿನಿಂದಲೂ ಸ್ತನದಿಂದಲೂ ಬರುವ ದುಗ್ಧರಸವನ್ನು ಸೋಸುವದೇ ಅವುಗಳ ಕೆಲಸ.

ನಮ್ಮ ಕಿವಿಗೆ ಕೇಳಿಸದ ಧ್ವನಿಯ ಅಲೆಗಳನ್ನು ಒಳಗೆ ಕಳುಹಿಸಿ, ಅವುಗಳ ಪ್ರತಿಧ್ವನಿಯಿಂದ ಅಲ್ಟ್ರಾಸೌಂಡ್ ಯಂತ್ರವು ಚಿತ್ರವನ್ನು ರಚಿಸುತ್ತದೆ, ಇದರಲ್ಲಿ ಕ್ಷ-ಕಿರಣಗಳಿಲ್ಲ. ಸ್ವಸ್ಥ ಗ್ರಂಥಿಯು ಆ ಚಿತ್ರದಲ್ಲಿ ಅವರೇಬೀಜದಂತೆ ತೋರುವದು. ಅದರ ಅಂಚು ಕಪ್ಪಾಗಿ, ಸಾಮಾನ್ಯವಾಗಿ 3 ಮಿಲಿಮೀಟರನ್ನು ಮೀರದೆ ತೆಳುವಾಗಿರುವದು. ನಡುವಣ ಕೊಬ್ಬು ಬೆಳ್ಳಗೆ ಹೊಳೆಯುವದು. ಗಾತ್ರಕ್ಕಿಂತ ಈ ರಚನೆಯೇ ಮುಖ್ಯ. ಅಂಚು ದಪ್ಪವಾಗಿ, ನಡುವಣ ಬಿಳುಪು ಅಳಿದು, ಗ್ರಂಥಿಯು ದುಂಡಾದರೆ ವೈದ್ಯರು ಸೂಜಿಯಿಂದ ಜೀವಕಣಗಳನ್ನು ತೆಗೆದು ಪರೀಕ್ಷಿಸುವದುಂಟು.

ತೋಳಿನ ಗಾಯದಿಂದಾಗಲಿ ಲಸಿಕೆಯಿಂದಾಗಲಿ ಗ್ರಂಥಿಯು ಕೆಲಕಾಲ ಊದಿಕೊಳ್ಳಬಹುದು. ಆದುದರಿಂದ ಗಂಟನ್ನು ಕಂಡ ಮಾತ್ರಕ್ಕೆ ನಾವು ಎದೆಗುಂದಬೇಕಾಗಿಲ್ಲ; ಆದರೆ ಅದನ್ನು ಮುಚ್ಚಿಡಲೂ ಬಾರದು.