ಗಂಟು ಹೊತ್ತ ಕಲ್ಲುಗಳು

ಸಿರಿಯಾದ ಲತಾಕಿಯಾದ ಶಿಲ್ಪಿ ನಿಝಾರ್ ಅಲಿ ಬದ್ರ್ ಕಡಲ ತಡಿಯ ಉರುಟು ಕಲ್ಲುಗಳನ್ನು ಆರಿಸಿ ತಂದು ಜೋಡಿಸುತ್ತಾರೆ. ತಲೆ ಮೇಲೊಂದು ಗಂಟು, ಕಂಕುಳಲ್ಲಿ ಮಗು, ಬಾಗಿದ ಬೆನ್ನು. ಯುದ್ಧಕ್ಕೆ ಊರು ಬಿಟ್ಟವರು ಅಂತ ಯಾರೂ ಹೇಳಿಕೊಡಬೇಕಿಲ್ಲ. ಫೋಟೋ ತೆಗೆದು ಕೆದರುತ್ತಾರೆ; ಅದೇ ಕಲ್ಲು ಮತ್ತೊಂದು ಕುಟುಂಬವಾಗುತ್ತದೆ. 2016ರಲ್ಲಿ ಈ ಚಿತ್ರಗಳು ಅರಬಿ, ಇಂಗ್ಲಿಷ್ ಎರಡರಲ್ಲೂ ಮಕ್ಕಳ ಪುಸ್ತಕವಾದವು.

ನಮಗಂತೂ ಅದರಲ್ಲಿ ಕಂಡದ್ದು ಉಚ್ಚಂಗಿದುರ್ಗ, ಹರಪನಹಳ್ಳಿ ಕಡೆಯ ಗುಳೆ. ಮಳೆ ಕೈಕೊಟ್ಟರೆ ಕಾಫಿ ತೋಟಕ್ಕೆ, ಕರಾವಳಿಗೆ ಇಳಿಯುವವರು. 'ಘಟ್ಟದವರು' ಅಂದರೆ ಮುಗಿಯಿತು! ಮುಹಾಜಿರರಿಗೆ ಮನೆಯಲ್ಲಿ ಪಾಲು ಕೊಟ್ಟ ಮದೀನದ ಅನ್ಸಾರಿಗಳ ಪಾಠ ನಮ್ಮ ಮದ್ರಸದ ಮಕ್ಕಳಿಗೂ ಗೊತ್ತು. ಟಿಸಿ ಇಲ್ಲವೆಂದು, ವರ್ಷದ ನಡುವೆ ಬಂದರೆಂದು 6ರಿಂದ 14ರ ಮಗುವನ್ನು ಸರಕಾರಿ ಶಾಲೆ ವಾಪಸ್ ಕಳಿಸುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯಿದೆ. ಬಾಡಿಗೆಗೆ ಕೋಣೆ ಕೊಟ್ಟವರು ಅವರಿಗೆ ಇದನ್ನೊಂದು ಹೇಳಬೇಕು.