ಎರಡು ಅಂಕದ ಬೊಮ್ಮಾಯಿ

ಬಿ.ಇ. ಓದುವವರಿಗೂ ಭಾರತದ ಸಂವಿಧಾನ ಒಂದು ವಿಷಯ. ಹಿಂದಿನ ರಾತ್ರಿ ಓದಿ ಪಾಸಾಗುವ ಪೇಪರ್ ಅದು. ಅದರ ನೋಟ್ಸ್‌ನಲ್ಲಿ ‘ಎಸ್.ಆರ್. ಬೊಮ್ಮಾಯಿ ಪ್ರಕರಣ, 1994’ ಎಂದಿತ್ತು. ರಾಯಾಪುರದ ನಮ್ಮ ರೂಮಿನಲ್ಲಿ ಒಬ್ಬ ಕೇಳಿದ: ‘ಇವ್ರು ನಮ್ಮ ಹುಬ್ಬಳ್ಳಿಯವ್ರೇನಲೇ?’

ಹೌದು, ನಮ್ಮವರೇ. ಚಿಗರಿ ಬಸ್ಸು ಹತ್ತಿದರೆ ಸ್ವಲ್ಪ ಹೊತ್ತಿಗೆ ತಲುಪುವ ಹುಬ್ಬಳ್ಳಿಯ ವಕೀಲರು. 1924ರಲ್ಲಿ ಈಗಿನ ಹಾವೇರಿ ಜಿಲ್ಲೆಯ ಕಾರಡಗಿಯಲ್ಲಿ ಹುಟ್ಟಿದವರು. ಎಂ.ಎನ್. ರಾಯ್ ವಿಚಾರಗಳನ್ನು ಮೆಚ್ಚಿದವರು, ಏಕೀಕರಣಕ್ಕೆ ದುಡಿದವರು. 1978, 1983, 1985ರಲ್ಲಿ ಹುಬ್ಬಳ್ಳಿ ಗ್ರಾಮೀಣ ಕ್ಷೇತ್ರದಿಂದ ಗೆದ್ದರು. 1988ರ ಆಗಸ್ಟ್‌ನಲ್ಲಿ ಮುಖ್ಯಮಂತ್ರಿಯಾದರು.

ಅಸಲಿ ಕಥೆ ಶುರುವಾಗುವುದು 1989ರ ಏಪ್ರಿಲ್‌ನಲ್ಲಿ. ಸರ್ಕಾರಕ್ಕೆ ಬೆಂಬಲವಿಲ್ಲ ಎನ್ನುವ 19 ಶಾಸಕರ ಪತ್ರಗಳು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಅವರ ಕೈಸೇರಿದವು. ಅವರು ದೆಹಲಿಗೆ ವರದಿ ಕಳಿಸಿದರು. ಮರುದಿನವೇ ಏಳು ಮಂದಿ ‘ನಾವು ಸರ್ಕಾರದ ಜೊತೆಗಿದ್ದೇವೆ’ ಎಂದರು. ಸದನದಲ್ಲೇ ಬಹುಮತ ತೋರಿಸುತ್ತೇನೆ, ಅಧಿವೇಶನ ಕರೆಯಿರಿ ಎಂದು ಬೊಮ್ಮಾಯಿ ಕೇಳಿದರು. ಕರೆಯಲಿಲ್ಲ. ಏಪ್ರಿಲ್ 21ರಂದು ರಾಷ್ಟ್ರಪತಿ ಆಳ್ವಿಕೆ ಬಂತು. ಲ್ಯಾಬಿನಲ್ಲಿ ರೀಡಿಂಗ್ ಮೇಲೆ ಅನುಮಾನ ಬಂದರೆ ನಾವು ಇನ್ನೊಮ್ಮೆ ಅಳೆಯುತ್ತೇವೆ. ಇಲ್ಲಿ ಅಳೆಯುವ ಯಂತ್ರ ವಿಧಾನಸೌಧದಲ್ಲೇ ಇತ್ತು, ಯಾರೂ ಆನ್ ಮಾಡಲಿಲ್ಲ ಅಷ್ಟೇ!

ಬೇರೆಯವರಾಗಿದ್ದರೆ ಮುಂದಿನ ಚುನಾವಣೆಗೆ ತಯಾರಾಗುತ್ತಿದ್ದರೇನೋ. ವಕೀಲರಲ್ಲವೇ, ಕೋರ್ಟಿಗೆ ಹೋದರು. ಹೈಕೋರ್ಟಿನಲ್ಲಿ ಸೋತರು. ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚ್ 11ರಂದು ತೀರ್ಪು ಕೊಟ್ಟಿತು: ಬಹುಮತ ನಿರ್ಧಾರವಾಗಬೇಕಾದದ್ದು ಸದನದಲ್ಲಿ, ರಾಜಭವನದಲ್ಲಲ್ಲ. ರಾಷ್ಟ್ರಪತಿ ಆಳ್ವಿಕೆಯ ಘೋಷಣೆಯನ್ನೂ ಕೋರ್ಟು ಪರಿಶೀಲಿಸಬಹುದು. ಜಾತ್ಯತೀತತೆ ಸಂವಿಧಾನದ ಮೂಲ ಸ್ವರೂಪದ ಭಾಗ ಎಂದದ್ದೂ ಇದೇ ತೀರ್ಪು.

ಗೆದ್ದರೂ ಬೊಮ್ಮಾಯಿಯವರಿಗೆ ಸಿಕ್ಕಿದ್ದೇನು? ಆ ವಿಧಾನಸಭೆ ಎಂದೋ ಮುಗಿದಿತ್ತು. ಮುಂದೆ ಕೇಂದ್ರ ಸಚಿವರಾದರು ನಿಜ, ಮುಖ್ಯಮಂತ್ರಿ ಕುರ್ಚಿ ಮಾತ್ರ ಮರಳಲಿಲ್ಲ. 2007ರಲ್ಲಿ ತೀರಿಕೊಂಡರು. ನಮ್ಮ ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜಿನಲ್ಲಿ ಮೆಕ್ಯಾನಿಕಲ್ ಓದಿದ ಅವರ ಮಗ ಬಸವರಾಜ ಬೊಮ್ಮಾಯಿ 2021ರಲ್ಲಿ ಆ ಕುರ್ಚಿಯಲ್ಲಿ ಕೂತರು.

2018ರ ಮೇ 17ರಂದು ಯಡಿಯೂರಪ್ಪ ಪ್ರಮಾಣವಚನ ಸ್ವೀಕರಿಸಿದಾಗ, ಎರಡೇ ದಿನದಲ್ಲಿ ಸದನದಲ್ಲಿ ಬಹುಮತ ತೋರಿಸಿ ಎಂದಿತು ಸುಪ್ರೀಂ ಕೋರ್ಟ್. ಮತಕ್ಕೆ ಹಾಕುವ ಮೊದಲೇ ಅವರು ರಾಜೀನಾಮೆ ಕೊಟ್ಟರು. ಆ ಎರಡು ದಿನವೂ ಟಿ.ವಿ.ಯಲ್ಲಿ ವಕೀಲರ ಬಾಯಲ್ಲಿದ್ದದ್ದು ಬೊಮ್ಮಾಯಿ ಹೆಸರೇ.